ವಿಂಡೋಸ್ 10 ಬಿಟ್ಟು 11ಕ್ಕೆ ಹೋಗಬೇಕಾ? ಒಂದು ಡಿಟಿಪಿ ಅಂಗಡಿಯ ಪ್ರಶ್ನೆ

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ ಮಾಡುತ್ತೇವೆ. ಪಹಣಿ ಪ್ರಿಂಟ್, ಆನ್‌ಲೈನ್ ಅರ್ಜಿ ತುಂಬುವ ಕೆಲಸವೂ ಇದೆ. 2016ರಲ್ಲಿ ತಗೊಂಡ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. ಐ5-6500 ಪ್ರೊಸೆಸರ್, 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ಪೇಜ್‌ಮೇಕರ್ 7 (ಪುಟ ಜೋಡಿಸಲು), ನುಡಿ (ಕನ್ನಡ ಟೈಪ್ ಮಾಡಲು), ಕೋರಲ್ ಡ್ರಾ (ಚಿತ್ರ, ವಿನ್ಯಾಸಕ್ಕೆ) ಎಲ್ಲಾ ಅದರಲ್ಲೇ. ಮಗಳ ಓದಿಗೆ ತಂದ ಲ್ಯಾಪ್‌ಟಾಪ್ ಈಗ ಅಂಗಡಿಯಲ್ಲೇ ಇದೆ. ಅದು 10ನೇ ಜನರೇಷನ್ ಐ3, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಬರುವ ವೇಗದ ಡಿಸ್ಕ್) ಇದೆ, ಅದರಲ್ಲೂ ವಿಂಡೋಸ್ 10. ಡೆಸ್ಕ್‌ಟಾಪಿಗೆ ವಿಂಡೋಸ್ 11 ಆಗಲ್ಲ ಅಂತ ಬರುತ್ತದೆ. ಸರ್ವಿಸ್ ಹುಡುಗ ಬೈಪಾಸ್ ಮಾಡಿ, ಅಂದರೆ ಆ ತಡೆ ತಪ್ಪಿಸಿ, ಹಾಕಿಕೊಡುತ್ತೇನೆ ಅಂತಾನೆ. ಹದಿನೈದು ವರ್ಷದ ಫೈಲುಗಳು ಇವೆ, ಅದಕ್ಕೇ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಎರಡು ಕಂಪ್ಯೂಟರುಗಳಿಗೆ ಎರಡು ಬೇರೆ ಬೇರೆ ಉತ್ತರ ಕೊಡುತ್ತೇನೆ. ಲ್ಯಾಪ್‌ಟಾಪನ್ನು ವಿಂಡೋಸ್ 11ಕ್ಕೆ ಏರಿಸಿ. ಡೆಸ್ಕ್‌ಟಾಪಿಗೆ ಬೈಪಾಸ್ ಬೇಡ. ಅದು ವಿಂಡೋಸ್ 10ರಲ್ಲೇ ಇರಲಿ, ಆದರೆ ಇಂಟರ್‌ನೆಟ್ ಕೆಲಸವನ್ನೆಲ್ಲ ಅದರಿಂದ ತೆಗೆದು ಲ್ಯಾಪ್‌ಟಾಪಿಗೆ ಹಾಕಿ. ಅಂದರೆ ಲೋಕದ ಜೊತೆ ವ್ಯವಹಾರ ಮಾಡುವ ಯಂತ್ರ ಒಂದು, ಹಳೆಯ ಕೆಲಸ ಕಾಯುವ ಯಂತ್ರ ಇನ್ನೊಂದು. ಈಗ ಎರಡೂ ಕೆಲಸ ಒಂದೇ ಡಬ್ಬಿಯಲ್ಲಿ ನಡೆಯುತ್ತಿವೆ. ನಿಮ್ಮ ಭಯದ ಮೂಲ ಅದೇ.

ಮೊದಲು ಆಗಿರುವುದೇನು ನೋಡೋಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಂತ ಕಂಪ್ಯೂಟರ್ ನಿಲ್ಲುವುದಿಲ್ಲ. ಆನ್ ಆಗುತ್ತದೆ, ಪ್ರಿಂಟ್ ಕೊಡುತ್ತದೆ, ಎಲ್ಲಾ ಮೊದಲಿನ ಹಾಗೇ ಇರುತ್ತದೆ. ಅದರಿಂದಲೇ ಜನ ಇದನ್ನು ಹಗುರವಾಗಿ ತಗೊಳ್ಳುತ್ತಾರೆ. ನಿಂತಿರುವುದು ತಿಂಗಳು ತಿಂಗಳು ಬರುತ್ತಿದ್ದ ಭದ್ರತಾ ಅಪ್‌ಡೇಟ್. ಇನ್ನು ಮುಂದೆ ವಿಂಡೋಸ್ 10ರಲ್ಲಿ ಹೊಸ ತೂತು ಸಿಕ್ಕರೆ ಅದನ್ನು ತಾನಾಗಿ ಮುಚ್ಚುವವರಿಲ್ಲ. 11ಕ್ಕೆ ಬಂದ ಅಪ್‌ಡೇಟ್ ನೋಡಿಯೇ ‘ಓ, ಇಲ್ಲಿ ತೂತಿತ್ತು’ ಅಂತ ಕಂಡುಹಿಡಿದು, ಅದೇ ತೂತನ್ನು 10ರಲ್ಲಿ ಹುಡುಕುವವರೂ ಇದ್ದಾರೆ. ಎರಡೂ ಒಳಗೆ ಹತ್ತಿರದ ಸಂಬಂಧಿಗಳೇ ಅಲ್ವಾ.

2017ರ ಮೇ ತಿಂಗಳ ವಾನಾಕ್ರೈ ದಾಳಿ ನೆನಪಿರಬಹುದು. ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವೈರಸ್. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು. ಹಾಕಿಕೊಂಡವರು ಬಚಾವಾದರು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. 2014ರಲ್ಲೇ ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೆ ಅಪ್‌ಡೇಟ್ ಸಿಕ್ಕಿದ್ದು ದಾಳಿ ಶುರುವಾದ ಮೇಲೆ, ಅದೂ ತುರ್ತು ಅಂತ.

ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರಿಗಿಂತ ನಿಮ್ಮ ಅಂಗಡಿಯದಕ್ಕೆ ಅಪಾಯ ಜಾಸ್ತಿ. ದಿನವಿಡೀ ಯಾರ್ಯಾರದೋ ಪೆನ್‌ಡ್ರೈವ್ ಚುಚ್ಚುತ್ತೀರಿ. ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಬಂದದ್ದನ್ನೆಲ್ಲ ಡೌನ್‌ಲೋಡ್ ಮಾಡಿ ತೆರೆಯುತ್ತೀರಿ. ಮೇಲೆ ಊರವರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಅಂಕಪಟ್ಟಿಗಳ ಸ್ಕ್ಯಾನ್ ಪ್ರತಿಗಳು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹಾಗೇ ಉಳಿದಿರುತ್ತವೆ. ಅವು ನಿಮ್ಮವಲ್ಲ, ನಿಮ್ಮನ್ನು ನಂಬಿ ಕೊಟ್ಟವರದು. ಅಪ್‌ಗ್ರೇಡ್ ಮಾಡಲಿ ಬಿಡಲಿ, ಆ ಫೋಲ್ಡರನ್ನು ಪ್ರತಿದಿನ ಅಂಗಡಿ ಮುಚ್ಚುವ ಮೊದಲು ಖಾಲಿ ಮಾಡುವ ಅಭ್ಯಾಸ ಇವತ್ತೇ ಮಾಡಿಕೊಳ್ಳಿ. ರೀಸೈಕಲ್ ಬಿನ್ ಕೂಡ.

ಈಗ ಡೆಸ್ಕ್‌ಟಾಪ್ ವಿಷಯ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ (ಆನ್ ಆಗುವಾಗಿನ ಭದ್ರತಾ ತಪಾಸಣೆ), ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭಾಗ), ಇವೆಲ್ಲ ಬೇಕು. ಇದರಲ್ಲಿ ನಿಮ್ಮ ಯಂತ್ರ ಬಹುತೇಕ ಪಾಸಾಗುತ್ತದೆ. ಸಿಕ್ಕಿಕೊಳ್ಳುವುದು ಪ್ರೊಸೆಸರ್ ಪಟ್ಟಿಯಲ್ಲಿ. ಇಂಟೆಲ್‌ನಲ್ಲಿ, ಬೆರಳೆಣಿಕೆಯ ಕೆಲವನ್ನು ಬಿಟ್ಟರೆ, 8ನೇ ಜನರೇಷನ್ನಿಂದ ಈಚಿನವುಗಳಿಗೆ ಮಾತ್ರ ಒಪ್ಪಿಗೆ. ಐ5-6500ರಲ್ಲಿ ಅಡ್ಡಗೆರೆ ಆದಮೇಲೆ ಇರುವ 6 ಅಂದರೆ 6ನೇ ಜನರೇಷನ್. ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್ ಪುಟಕ್ಕೆ) ಹೋಗಿ ಏನು ಆನ್ ಮಾಡಿದರೂ ಇದು ಬದಲಾಗುವುದಿಲ್ಲ.

ಬೈಪಾಸ್ ಮಾಡಿದರೆ ಓಡುವುದಿಲ್ಲವೇ? ಓಡುತ್ತದೆ. ಸರ್ವಿಸ್ ಹುಡುಗ ಸುಳ್ಳು ಹೇಳುತ್ತಿಲ್ಲ. 6ನೇ ಜನರೇಷನ್ ಯಂತ್ರಗಳಲ್ಲಿ ಹೀಗೆ ಹಾಕಿಕೊಂಡು ಬಳಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಇಂಥ ಯಂತ್ರಗಳಿಗೆ ಅಪ್‌ಡೇಟ್ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟೇ ಬರೆದು ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಇವುಗಳಿಗೆ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ, ಮತ್ತೆ ಅದೇ ಬೈಪಾಸ್ ಮಾಡಿ ಕೈಯಿಂದ ಹಾಕಬೇಕು. ಹಾಕದಿದ್ದರೆ ಎರಡು ವರ್ಷದಲ್ಲಿ ಆ ಆವೃತ್ತಿಯ ಬೆಂಬಲವೂ ಮುಗಿಯುತ್ತದೆ. ಹಳೆಯ ಪ್ರೊಸೆಸರುಗಳ ಮೇಲೆ ಬಾಗಿಲು ಪೂರ್ತಿ ಮುಚ್ಚಿದ ಉದಾಹರಣೆಯೂ ಇದೆ. 2024ರ 24ಎಚ್2 ಆವೃತ್ತಿ ಬಂದಾಗ, ಅದಕ್ಕೆ ಬೇಕಾದ ಕೆಲವು ಆಂತರಿಕ ಆಜ್ಞೆಗಳು (ಇನ್‌ಸ್ಟ್ರಕ್ಷನ್) ಇಲ್ಲದ ತೀರಾ ಹಳೆಯ ಪ್ರೊಸೆಸರುಗಳಲ್ಲಿ ಬೈಪಾಸ್ ಕೂಡ ಕೆಲಸ ಮಾಡಲಿಲ್ಲ. ನಿಮ್ಮದು ಆ ಗುಂಪಿಗೆ ಸೇರಿಲ್ಲ. ಆದರೂ ನಾಳೆ ಬೆಳಿಗ್ಗೆ ಐನೂರು ಪತ್ರಿಕೆ ಕೊಡಬೇಕಾದ ಯಂತ್ರವನ್ನು ಅಂಥ ದಾರಿಗೆ ಹಚ್ಚುವುದು ನನಗೆ ಒಪ್ಪಿಗೆ ಇಲ್ಲ. ಕಲಿಯಲು ಇಟ್ಟುಕೊಂಡ ಎರಡನೇ ಕಂಪ್ಯೂಟರ್ ಆಗಿದ್ದರೆ ಮಾಡಿ ನೋಡಿ ಅನ್ನುತ್ತಿದ್ದೆ.

ಬದಲಿಗೆ ಇದನ್ನು ಮಾಡಿ. ವಿಂಡೋಸ್ 10 ಬಳಸುವವರಿಗೆ ಮೈಕ್ರೋಸಾಫ್ಟ್ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಇಟ್ಟಿದೆ, ಇಎಸ್‌ಯು ಅಂತ ಕರೆಯುತ್ತಾರೆ. ಅದಕ್ಕೆ ಹೆಸರು ಹಚ್ಚಿದರೆ 2026ರ ಅಕ್ಟೋಬರ್ 13ರವರೆಗೆ ಮುಖ್ಯವಾದ ಭದ್ರತಾ ಅಪ್‌ಡೇಟುಗಳು ಬರುತ್ತವೆ. ಸೇರಲು ಮೂರು ದಾರಿ ಇಟ್ಟಿದ್ದಾರೆ. ಸೆಟ್ಟಿಂಗ್ಸ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿಕೊಳ್ಳಲು ಒಪ್ಪಿದರೆ ಪುಕ್ಕಟೆ, ಅವರ 1000 ರಿವಾರ್ಡ್ಸ್ ಪಾಯಿಂಟ್ ಕೊಟ್ಟರೂ ಆಗುತ್ತದೆ, ಇಲ್ಲವೇ 30 ಡಾಲರ್ ಕಟ್ಟಬೇಕು. ನಿಮಗೆ ಮೊದಲನೆಯದೇ ಸಾಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ ‘ಎನ್‌ರೋಲ್ ನೌ’ ಅಂತ ಕಾಣಿಸಬೇಕು. ಕಾಣದಿದ್ದರೆ ಕೀಬೋರ್ಡಿನಲ್ಲಿ ವಿಂಡೋಸ್ ಗುಂಡಿ ಮತ್ತು ಆರ್ ಒಟ್ಟಿಗೆ ಒತ್ತಿ ‘ವಿನ್‌ವರ್’ (winver) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿ. 22ಎಚ್2 ಆವೃತ್ತಿ ಇರಬೇಕು. ಅದಕ್ಕಿಂತ ಹಳೆಯದಿದ್ದರೆ ಮೊದಲು ಬಾಕಿ ಅಪ್‌ಡೇಟುಗಳನ್ನು ಮುಗಿಸಿ.

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆಂಟಿವೈರಸ್‌ಗೆ ಹೊಸ ವೈರಸ್‌ಗಳ ಮಾಹಿತಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಒಳ್ಳೆಯದೇ. ಆದರೆ ಬಾಗಿಲಲ್ಲಿ ಕಾವಲುಗಾರ ಇದ್ದಾನೆ ಅಂತ ಗೋಡೆಯ ತೂತು ಮುಚ್ಚದೆ ಬಿಡುವ ಹಾಗಿಲ್ಲ.

ಇಎಸ್‌ಯು ಮುಗಿದ ದಿನದಿಂದ ಡೆಸ್ಕ್‌ಟಾಪಿನ ಇಂಟರ್‌ನೆಟ್ ವೈರು ತೆಗೆದುಬಿಡಿ. ಪೇಜ್‌ಮೇಕರಿಗಾಗಲಿ ನುಡಿಗಾಗಲಿ ಇಂಟರ್‌ನೆಟ್ ಬೇಕಿಲ್ಲ. ಕೋರಲ್ ಡ್ರಾ ಚಂದಾ ಕಟ್ಟುವ ಹೊಸ ಆವೃತ್ತಿ ಆಗಿದ್ದರೆ ಮಾತ್ರ ಆಗಾಗ ನೆಟ್ ಕೇಳುತ್ತದೆ, ಅದೊಂದು ನೋಡಿಕೊಳ್ಳಿ. ಗಿರಾಕಿಗಳ ಪೆನ್‌ಡ್ರೈವ್ ಇನ್ನು ಮೇಲೆ ಲ್ಯಾಪ್‌ಟಾಪಿಗೆ ಮಾತ್ರ. ಅಲ್ಲಿ ಸ್ಕ್ಯಾನ್ ಆಗಿ, ಬೇಕಾದ ಫೋಟೋ ಅಥವಾ ಮ್ಯಾಟರ್ ಮಾತ್ರ ನಿಮ್ಮದೇ ಒಂದು ಪೆನ್‌ಡ್ರೈವಿನಲ್ಲಿ ಡೆಸ್ಕ್‌ಟಾಪಿಗೆ ಬರಲಿ. ಮೊದಮೊದಲು ಕಿರಿಕಿರಿ ಅನಿಸುತ್ತದೆ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಡುವ ಆ ವೈರಸ್ ಕಾಟ ಕಂಡಿರುತ್ತೀರಲ್ಲ, ಅದರ ಮುಂದೆ ಈ ಕಿರಿಕಿರಿ ಏನೂ ಅಲ್ಲ.

ಡೆಸ್ಕ್‌ಟಾಪಿಗೆ ದುಡ್ಡು ಹಾಕುವುದಾದರೆ ಒಂದೇ ಒಂದು ವಸ್ತುವಿಗೆ ಹಾಕಿ, ಎಸ್‌ಎಸ್‌ಡಿ. ಕಂಪ್ಯೂಟರ್ ನಿಧಾನ ಅಂತ ಹೊಸ ವಿಂಡೋಸ್ ಹಾಕಿಸುವವರು ತುಂಬಾ ಜನ. ನಿಧಾನ ಮಾಡುವುದು ಹೆಚ್ಚಾಗಿ ವಿಂಡೋಸ್ ಅಲ್ಲ, ಹಳೆಯ ಹಾರ್ಡ್ ಡಿಸ್ಕ್. ನಿಮ್ಮ ಯಂತ್ರಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸರಿಹೋಗುತ್ತದೆ. ಹೊಸದಾಗಿ ಎಲ್ಲಾ ಇನ್‌ಸ್ಟಾಲ್ ಮಾಡಿಸಬೇಡಿ, ಇರುವ ಡಿಸ್ಕನ್ನು ಹಾಗೇ ಕ್ಲೋನ್ ಮಾಡಿಸಿ. ಪೇಜ್‌ಮೇಕರ್, ಫಾಂಟ್, ಪ್ರಿಂಟರ್ ಸೆಟ್ಟಿಂಗ್ ಎಲ್ಲಾ ಇದ್ದ ಹಾಗೇ ಬರುತ್ತದೆ. ಆಮೇಲೆ ಹಳೆಯ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ದಿನಾಂಕ ಬರೆದು ಬೀರುವಿನಲ್ಲಿಡಿ. ಆ ದಿನದವರೆಗಿನ ಅಂಗಡಿ ಪೂರ್ತಿ ಅದರೊಳಗೆ ಇರುತ್ತದೆ.

ಹದಿನೈದು ವರ್ಷದ ಫೈಲುಗಳ ಬಗ್ಗೆ ನಿಮಗಿರುವ ಭಯ ಸರಿಯಾದದ್ದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಯಾವುದು ಕೈಕೊಡುತ್ತದೆ ಯಾವುದು ಕೊಡುವುದಿಲ್ಲ ಎಂಬುದು ಅಂಗಡಿಯವರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ.

ಪೇಜ್‌ಮೇಕರಿನಲ್ಲಿ ನೀವು ನುಡಿಯಿಂದ ಟೈಪ್ ಮಾಡಿದ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಅವುಗಳ ಮೇಲೆ ನುಡಿ ಫಾಂಟ್ ಕನ್ನಡದ ಚೂರುಗಳನ್ನು, ಅಂದರೆ ತಲೆಕಟ್ಟು, ಗುಣಿಸು, ಒತ್ತಕ್ಷರಗಳನ್ನು ಕೂರಿಸಿ ತೋರಿಸುತ್ತದೆ. ಫಾಂಟ್ ತೆಗೆದರೆ ಬರೀ ಗೊಂದಲ ಕಾಣುವುದು ಇದಕ್ಕೇ. ಆದರೆ ಇದರಲ್ಲಿ ಒಂದು ಅನುಕೂಲ ಇದೆ. ವಿಂಡೋಸ್ ಯಾವುದಾದರೂ ಆಗಲಿ, ಆ ಫಾಂಟ್ ಫೈಲ್ ನಿಮ್ಮ ಹತ್ತಿರ ಇದ್ದರೆ ಹಳೆಯ ಅಕ್ಷರ ಹಾಗೇ ಕಾಣುತ್ತದೆ. ಹಾಗಾಗಿ ಬ್ಯಾಕಪ್‌ನಲ್ಲಿ ಮೊದಲ ಜಾಗ ಫಾಂಟುಗಳಿಗೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಅಂತ ಫೋಲ್ಡರ್ ಇದೆ. ಅದರಲ್ಲಿರುವ ನುಡಿ, ಬರಹ, ದುಡ್ಡು ಕೊಟ್ಟು ಕೊಂಡ ಅಲಂಕಾರದ ಫಾಂಟುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಡಿ. ಜನ ಫೈಲ್ ಎತ್ತಿಡುತ್ತಾರೆ, ಫಾಂಟ್ ಮರೆಯುತ್ತಾರೆ.

ಕೈಕೊಡುವುದು ಎರಡು. ಒಂದು, ಕೀಲಿಮಣೆ ತಂತ್ರಾಂಶ. ಹಳೆಯ ನುಡಿ ನೀವು ಒತ್ತಿದ ಗುಂಡಿಯನ್ನು ನಡುವೆ ಹಿಡಿದು ಬದಲಿಸಿ ಪೇಜ್‌ಮೇಕರಿಗೆ ಕಳಿಸುತ್ತದೆ. ಪೇಜ್‌ಮೇಕರನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆದು, ನುಡಿಯನ್ನು ಸುಮ್ನೆ ತೆರೆದರೆ ವಿಂಡೋಸ್ ಈ ನಡುವಿನ ಕೆಲಸಕ್ಕೆ ಅವಕಾಶ ಕೊಡುವುದಿಲ್ಲ. ನುಡಿ ಆನ್ ಇದ್ದರೂ ಇಂಗ್ಲಿಷೇ ಬರುತ್ತದೆ. ಹೊಸ ವಿಂಡೋಸ್‌ನಲ್ಲಿ ನುಡಿ ಓಡಲ್ಲ ಅಂತ ಬೇಸತ್ತವರಲ್ಲಿ ಎಷ್ಟೋ ಜನರ ಸಮಸ್ಯೆ ಇಷ್ಟೇ. ಎರಡನ್ನೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ಇಲ್ಲವೇ ಎರಡನ್ನೂ ಸಾಮಾನ್ಯವಾಗಿ ತೆರೆಯಿರಿ.

ಎರಡನೆಯದು ಪೇಜ್‌ಮೇಕರ್. 7ನೇ ಆವೃತ್ತಿ ಬಂದದ್ದು 2001ರಲ್ಲಿ. ಅಡೋಬಿ ಅದನ್ನು ಕೈಬಿಟ್ಟು ಬಹಳ ವರ್ಷ ಆಯಿತು. ವಿಂಡೋಸ್ 10 ಹಳೆಯ ಬಗೆಯ 32 ಬಿಟ್, ಹೊಸ ಬಗೆಯ 64 ಬಿಟ್ ಅಂತ ಎರಡು ರೂಪದಲ್ಲಿದೆ. 64 ಬಿಟ್ ವಿಂಡೋಸ್ 10ರಲ್ಲಿ ಓಡುತ್ತಿರುವುದು ಸಾಮಾನ್ಯವಾಗಿ 11ರಲ್ಲೂ ಓಡುತ್ತದೆ, ಇವೆರಡರ ನಡುವೆ ಅಂಥ ದೊಡ್ಡ ಅಂತರ ಇಲ್ಲ. ಆದರೆ ನಿಮ್ಮ ಡೆಸ್ಕ್‌ಟಾಪಿನ ವಿಂಡೋಸ್ 32 ಬಿಟ್ ಇದ್ದರೆ ಮಾತು ಬೇರೆ. ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್ ಅಂತ ಹೋದರೆ ಸಿಸ್ಟಂ ಟೈಪ್ ಮುಂದೆ ಬರೆದಿರುತ್ತದೆ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ತೊಂಬತ್ತರ ದಶಕದ ಕೆಲವು ತಂತ್ರಾಂಶಗಳ ಸೆಟಪ್ ಫೈಲ್ 16 ಬಿಟ್ ಆಗಿರುತ್ತದೆ. ಅವು 64 ಬಿಟ್ ವಿಂಡೋಸ್‌ನಲ್ಲಿ ಶುರುವೇ ಆಗುವುದಿಲ್ಲ. ಹಳೆಯ ಪ್ರಿಂಟರು, ಸ್ಕ್ಯಾನರುಗಳದೂ ಇದೇ ಕತೆ. 64 ಬಿಟ್ ಡ್ರೈವರ್ (ಅವುಗಳನ್ನು ವಿಂಡೋಸ್ ಜೊತೆ ಜೋಡಿಸುವ ತಂತ್ರಾಂಶ) ಇದೆಯಾ ಅಂತ ಕಂಪನಿಯ ಜಾಲತಾಣದಲ್ಲಿ ನೋಡಿಯೇ ಮುಂದೆ ಹೋಗಬೇಕು.

ಇನ್ನೊಂದು ವಿಷಯ ಕೇಳಿ. ಪೇಜ್‌ಮೇಕರ್ ಫೈಲನ್ನು ನಾಳೆ ಅಡೋಬಿಯ ಹೊಸ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ತೆರೆದರಾಯಿತು ಅಂತ ಅಂದುಕೊಂಡಿರಬಹುದು. ಆ ಸೌಲಭ್ಯ ಅದರ ಸಿಎಸ್6 ಆವೃತ್ತಿಯವರೆಗೆ ಇತ್ತು. ಆಮೇಲೆ ಬಂದ ಚಂದಾ ಕಟ್ಟುವ ಆವೃತ್ತಿಗಳಲ್ಲಿ ತೆಗೆದುಹಾಕಿದ್ದಾರೆ. ಹಾಗಾಗಿ ಪೇಜ್‌ಮೇಕರ್ ಓಡುವ ಒಂದು ಯಂತ್ರ ನಿಮ್ಮಲ್ಲಿ ಇರುವಷ್ಟು ದಿನ ಆ ಫೈಲುಗಳಿಗೆ ಜೀವ. ಡೆಸ್ಕ್‌ಟಾಪನ್ನು ಈಗಿರುವ ವಿಂಡೋಸ್‌ನಲ್ಲೇ ಬಿಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ ಇದು. ಬಿಡುವಿದ್ದಾಗ ಮುಖ್ಯವಾದ ಕೆಲಸಗಳನ್ನು, ವರ್ಷ ವರ್ಷ ಮರಳಿ ಬರುವ ಜಾತ್ರೆ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಬಿಲ್ ಬುಕ್ ಮಾದರಿ, ಇಂಥವನ್ನು ಪಿಡಿಎಫ್ ಮಾಡಿಡಿ. ಮ್ಯಾಟರನ್ನು ನುಡಿಯ ಪರಿವರ್ತಕ ಬಳಸಿ, ಕಂಪ್ಯೂಟರಿಗೆ ಕನ್ನಡವಾಗಿಯೇ ಅರ್ಥವಾಗುವ ಸಂಕೇತ ಕ್ರಮವಾದ ಯೂನಿಕೋಡ್‌ಗೆ ತಂದು ಇನ್ನೊಂದು ಫೈಲಿನಲ್ಲಿಡಿ. ಪರಿವರ್ತನೆ ಆದಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ, ಅಲ್ಲಿ ತಪ್ಪು ಜಾಸ್ತಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡ ಅಂತ ತಿಳಿದು ಕಲಸಿಬಿಡುತ್ತದೆ.

ಹೊಸ ಕೆಲಸವನ್ನು ನಿಧಾನವಾಗಿ ಯೂನಿಕೋಡಿಗೆ ತರುವುದು ಲ್ಯಾಪ್‌ಟಾಪಿನಲ್ಲಿ ಶುರುವಾಗಲಿ. ಅರ್ಜಿ, ಪತ್ರ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಕರೆಯೋಲೆ, ಎಲ್ಲದಕ್ಕೂ ಅದೇ ಬೇಕು. ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಗೊತ್ತಿಲ್ಲ, ಇನ್‌ಡಿಸೈನ್ ಮತ್ತು ಉಚಿತವಾಗಿ ಸಿಗುವ ಸ್ಕ್ರೈಬಸ್‌ಗೆ ಗೊತ್ತು. ವಿಂಡೋಸ್ ಜೊತೆಗೇ ಬರುವ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್ ಮಾದರಿಯದು. 2019ರಿಂದ ಫೊನೆಟಿಕ್ (ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಬರುವಂಥದ್ದು) ಕೂಡ ಇದೆ. ನಿಮ್ಮ ಬೆರಳಿಗೆ ಕೂತಿರುವುದು ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ಕಟ್ಟಿದ ನುಡಿ ಕೀಲಿಮಣೆ. ಅದು ವಿಂಡೋಸ್‌ನಲ್ಲಿ ಇಲ್ಲ. ಹಾಗಾಗಿ ಲ್ಯಾಪ್‌ಟಾಪಿಗೆ ನುಡಿಯ ಹೊಸ ಆವೃತ್ತಿ ಹಾಕಿ, ಯೂನಿಕೋಡ್ ಆಯ್ಕೆ ಮಾಡಿಕೊಳ್ಳಿ. ಹೊಸ ಕೀಲಿಮಣೆ ಕಲಿಯುವ ಕಷ್ಟ ಬೇಡ.

ಇನ್ನು ಲ್ಯಾಪ್‌ಟಾಪನ್ನು ಏರಿಸುವ ಕ್ರಮ. ಮೊದಲ ಪ್ರಶ್ನೆ, ಅದರಲ್ಲಿರುವ ವಿಂಡೋಸ್ ಅಸಲಿಯೇ? ಕೊಂಡಾಗಲೇ ಬಂದದ್ದಾದರೆ ಅಸಲಿ, 11 ಪುಕ್ಕಟೆ. ಯಾರೋ ಆಮೇಲೆ ಹಾಕಿಕೊಟ್ಟು, ಲೈಸೆನ್ಸ್ ಇಲ್ಲದೆ ಅಸಲಿಯಂತೆ ತೋರಿಸುವ ಯಾವುದೋ ಆ್ಯಕ್ಟಿವೇಟರ್ ಓಡಿಸಿದ್ದರೆ, ಅಪ್‌ಗ್ರೇಡ್ ಮಾಡುವುದಕ್ಕಿಂತ ಮೊದಲು ಲೈಸೆನ್ಸ್ ಸರಿ ಮಾಡಿಕೊಳ್ಳಿ. ಆ ಆ್ಯಕ್ಟಿವೇಟರುಗಳು ಓಡಬೇಕಾದರೆ ಆಂಟಿವೈರಸ್ ಆಫ್ ಮಾಡಿ ಅನ್ನುತ್ತವೆ. ಊರವರ ಆಧಾರ್ ಪ್ರತಿ ಇರುವ ಯಂತ್ರದಲ್ಲಿ ಅಂಥದ್ದು ಇರಲೇಬಾರದು.

ಬ್ಯಾಕಪ್ ಮಾಡಿ. ಡಿ ಡ್ರೈವಿಗೆ ಹಾಕಿದ್ದೇನೆ, ಸೇಫ್ ಇದೆ ಅನ್ನಬೇಡಿ. ಸಿ ಮತ್ತು ಡಿ ಬಹಳಷ್ಟು ಯಂತ್ರಗಳಲ್ಲಿ ಒಂದೇ ಡಿಸ್ಕಿನ ಎರಡು ಭಾಗ, ಡಿಸ್ಕ್ ಹೋದರೆ ಎರಡೂ ಹೋದವು. ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಹಾಕಿದ ಮೇಲೆ ಅದರಿಂದ ನಾಲ್ಕಾರು ಫೈಲ್ ತೆರೆದು ನೋಡಿ, ವೈರ್ ಬಿಚ್ಚಿ ಮನೆಯಲ್ಲಿಡಿ. ಚುಚ್ಚಿಯೇ ಇಟ್ಟ ಬ್ಯಾಕಪ್ ಡಿಸ್ಕಿಗೂ ವೈರಸ್ ಬೀಗ ಹಾಕುತ್ತದೆ.

ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ (ಡಿಸ್ಕಿನಲ್ಲಿರುವುದಕ್ಕೆಲ್ಲ ಬೀಗ ಹಾಕಿಡುವ ಸೌಲಭ್ಯ) ಆನ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಡಿ. ಲ್ಯಾಪ್‌ಟಾಪ್ ಮಗಳ ಖಾತೆಯಲ್ಲಿ ಶುರುವಾಗಿದ್ದರೆ ಕೀ ಅವರ ಖಾತೆಯಲ್ಲಿ ಇರುತ್ತದೆ, ಅವರನ್ನೇ ಕೇಳಬೇಕು. ಬಯಾಸ್‌ನಲ್ಲಿ ಟಿಪಿಎಂ ಆನ್ ಮಾಡುವಂಥ ಬದಲಾವಣೆ ಇದ್ದರಂತೂ ಈ ಕೀ ಇಲ್ಲದೆ ಕೈ ಹಾಕಬೇಡಿ.

ಆಮೇಲೆ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಓಡಿಸಿ. ಸರಿ ಅಂದರೆ ವಿಂಡೋಸ್ ಅಪ್‌ಡೇಟ್ ಮೂಲಕವೇ ಏರಿಸಿ, ಯಾರದೋ ಪೆನ್‌ಡ್ರೈವಿನಲ್ಲಿ ಬಂದ ವಿಂಡೋಸ್ ಬೇಡ. ಏರಿಸಿದ ಮೇಲೆ ಹತ್ತು ದಿನದೊಳಗೆ ಹಿಂದಕ್ಕೆ ಹೋಗುವ ಅವಕಾಶ ಇರುತ್ತದೆ. ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ ‘ಗೋ ಬ್ಯಾಕ್’ ಅಂತ ಇದೆ. ಜಾಗ ಬೇಕು ಅಂತ ಡಿಸ್ಕ್ ಕ್ಲೀನಪ್ ಮಾಡಿ ಹಳೆಯ ವಿಂಡೋಸ್ ಫೋಲ್ಡರ್ ಅಳಿಸಿದರೆ ಆ ದಾರಿ ಮುಚ್ಚಿತು. ಆ ಹತ್ತು ದಿನದಲ್ಲಿ ಅಂಗಡಿಯ ಪ್ರತಿಯೊಂದು ಕೆಲಸವನ್ನೂ ಒಮ್ಮೆ ಮಾಡಿ ನೋಡಿ. ಪ್ರಿಂಟರು, ಸ್ಕ್ಯಾನರು, ಬೆರಳಚ್ಚಿನ ಯಂತ್ರ, ಡಿಜಿಟಲ್ ಸಹಿಯ ಟೋಕನ್, ಸರ್ಕಾರಿ ಜಾಲತಾಣಗಳು, ಯಾವುದನ್ನೂ ಬಿಡಬೇಡಿ. 4 ಜಿಬಿ ರ‍್ಯಾಮ್ ಇದ್ದರೆ ಸಾಧ್ಯವಾದರೆ 8 ಮಾಡಿಸಿ. ಕಾಗದದ ಮೇಲೆ 4 ಸಾಕು ಅಂತಿದ್ದರೂ ಬ್ರೌಸರಿನಲ್ಲಿ ನಾಲ್ಕು ಜಾಲತಾಣ ತೆರೆದರೆ ತಿಣುಕುತ್ತದೆ.

ಇದೆಲ್ಲ ಯಾವಾಗ? ಮದುವೆ ಸೀಜನ್ನಿನಲ್ಲಿ ಖಂಡಿತ ಬೇಡ. ಲ್ಯಾಪ್‌ಟಾಪಿನ ಕೆಲಸ ಯಾವುದಾದರೂ ಎರಡು ದಿನ ಬಿಡುವು ನೋಡಿ ಮುಗಿಸಿ. ಡೆಸ್ಕ್‌ಟಾಪಿನ ಎಸ್‌ಎಸ್‌ಡಿ, ಫೈಲುಗಳ ಪರಿವರ್ತನೆ ಆಷಾಢದಲ್ಲಿ ಇಟ್ಟುಕೊಳ್ಳಿ. ಪತ್ರಿಕೆ ಕೆಲಸ ಆಗ ಹೇಗೂ ಕಡಿಮೆ, ಅಕ್ಟೋಬರ್ 13ಕ್ಕೆ ಮೊದಲೂ ಆಗುತ್ತದೆ. ಇಎಸ್‌ಯುಗೆ ಹೆಸರು ಹಚ್ಚುವುದನ್ನು ಮಾತ್ರ ಮುಂದೂಡಬೇಡಿ, ಇವತ್ತೇ ಮಾಡಿ.

ಮುಂದೆ ಯಾವಾಗಲಾದರೂ ಡೆಸ್ಕ್‌ಟಾಪ್ ಬದಲಿಸುವ ಯೋಚನೆ ಬಂದರೆ, ಹೊಸದೇ ಆಗಬೇಕೆಂದಿಲ್ಲ. ಕಂಪನಿಗಳು ಬಳಸಿ ಬಿಟ್ಟ ಒಳ್ಳೆಯ ಸೆಕೆಂಡ್ ಹ್ಯಾಂಡ್ ಯಂತ್ರಗಳು ಸಿಗುತ್ತವೆ. ‘ಐ5, ವಿಂಡೋಸ್ 11 ಹಾಕಿದ್ದೇವೆ’ ಎಂಬ ಮಾತಿಗೆ ಮಾತ್ರ ದುಡ್ಡು ಕೊಡಬೇಡಿ, ಅದು ಬೈಪಾಸ್ ಮಾಡಿದ 6ನೇ ಜನರೇಷನ್ನೇ ಆಗಿರಬಹುದು. ಅಂಗಡಿಯಲ್ಲೇ ಯಂತ್ರ ಆನ್ ಮಾಡಿಸಿ, ಅಬೌಟ್ ಪುಟದಲ್ಲಿ ಪ್ರೊಸೆಸರ್ ನಂಬರ್ ನೀವೇ ಓದಿ. 8500 ಅಂತಿದ್ದರೆ 8ನೇದು, 10400 ಅಂತಿದ್ದರೆ 10ನೇದು, ಎರಡೂ ಸರಿ. 6 ಅಥವಾ 7ರಿಂದ ಶುರುವಾಗುವ ನಾಲ್ಕು ಅಂಕಿ ಕಂಡರೆ ಬೇರೆ ಯಂತ್ರ ತೋರಿಸಿ ಅನ್ನಿ.